ಮಂಗಳದ ಮೇಲೆ ಕಾರವಾರದ ಚಂದ್ರ ಬೇಡ

ನಮಸ್ಕಾರ,

ಕಾಳಿ ನದಿ ದಂಡೆಯ ಹುಡುಗಿ ಮಂಗಳ ಗ್ರಹಕ್ಕೆ ಹೋಗಿ ಅಲ್ಲಿಯ ಆಕಾಶ ನೋಡುವ ನಿಮ್ಮ ಕತೆ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ತುಂಬಾ ಚೆನ್ನಾಗಿವೆ. ಚಂದ್ರನನ್ನು ನೋಡಿ ಅಜ್ಜಿ "ನಾಳೆ ನೀರು ಇಳಿಯುವುದು ತಡ" ಎನ್ನುತ್ತಾಳೆ. ಇಳಿತದ ಹೊತ್ತಿಗೆ ಹುಡುಗಿ ಕೆಸರಿಗಿಳಿದು ಕಾಲಲ್ಲೇ ತಡಕಿ ಬಳಚು ಹೆಕ್ಕುತ್ತಾಳೆ. ಕಂಡವರಷ್ಟೇ ಹೀಗೆ ಬರೆಯಬಲ್ಲರು. ಇಲ್ಲಿ ಒಂದಕ್ಷರ ಮುಟ್ಟಬೇಡಿ.

ಅವಳು ಮಂಗಳಕ್ಕೆ ಇಳಿದ ಮೇಲೆ ಕತೆ ಸಡಿಲವಾಗುತ್ತದೆ. ಎರಡು ದುಂಡು ಚಂದ್ರರು ಪೂರ್ವದಲ್ಲಿ ಒಟ್ಟಿಗೆ ಹುಟ್ಟಿ ಬೆಳದಿಂಗಳು ಚೆಲ್ಲುತ್ತಾರೆ, ನಡುರಾತ್ರಿ ನೆತ್ತಿಯ ಮೇಲೆ ನೀಲಿ ಭೂಮಿ ಹೊಳೆಯುತ್ತದೆ ಎಂದು ಬರೆದಿದ್ದೀರಿ. ಇದು ಕಾರವಾರದ ಆಕಾಶವೇ, ಒಂದು ಚಂದ್ರ ಜಾಸ್ತಿ ಅಷ್ಟೇ ಅಲ್ವಾ?

ಮಂಗಳದ ಎರಡು ಚಂದ್ರರಲ್ಲಿ ಒಂದಾದ ಫೋಬೋಸ್ 7 ಗಂಟೆ 39 ನಿಮಿಷದಲ್ಲಿ ಮಂಗಳವನ್ನು ಸುತ್ತಿ ಮುಗಿಸುತ್ತದೆ. ಮಂಗಳ ತನ್ನ ಸುತ್ತ ತಿರುಗಲು 24 ಗಂಟೆ 37 ನಿಮಿಷ ಬೇಕು. ಹಾಗಾಗಿ ಫೋಬೋಸ್ ಹುಟ್ಟುವುದು ಪಶ್ಚಿಮದಲ್ಲಿ. ನಾಲ್ಕು ಗಂಟೆ ಚಿಲ್ಲರೆಯಲ್ಲಿ ಆಕಾಶ ದಾಟಿ ಪೂರ್ವದಲ್ಲಿ ಮುಳುಗುತ್ತದೆ. ಅದು ದುಂಡಗಿಲ್ಲ, ಸುಮಾರು 27 ಕಿ.ಮೀ. ಉದ್ದದ ಆಲೂಗಡ್ಡೆ. ನಮ್ಮ ಹುಣ್ಣಿಮೆ ಚಂದ್ರನ ಸುಮಾರು ಮೂರನೇ ಒಂದು ಭಾಗದಷ್ಟು ಅಗಲ ಕಾಣುತ್ತದೆ. ಸಂಜೆ ಬಿದಿಗೆಯ ಗೆರೆಯಾಗಿ ಹುಟ್ಟಿ, ಮೇಲೇರುತ್ತಾ ತುಂಬಿಕೊಳ್ಳುತ್ತದೆ. ಎಷ್ಟೋ ರಾತ್ರಿ ಪೂರ್ವ ಮುಟ್ಟುವ ಮೊದಲೇ ಮಂಗಳದ ನೆರಳು ಹೊಕ್ಕು ಮಾಯವಾಗುತ್ತದೆ.

ಈಗ ನಿಮ್ಮ ಅಜ್ಜಿಯನ್ನು ನೆನೆಯಿರಿ. ಚಂದ್ರ ನೋಡಿ ತಿಥಿ ಹೇಳುವವಳ ಮೊಮ್ಮಗಳು, ಬಿದಿಗೆಯಿಂದ ಹೆಚ್ಚುಕಡಿಮೆ ಹುಣ್ಣಿಮೆವರೆಗಿನ ಕಲೆಯನ್ನೆಲ್ಲ ಒಂದೇ ರಾತ್ರಿಯಲ್ಲಿ ನೋಡುತ್ತಾಳೆ. ಅವಳ ಎಣಿಕೆ ಏನಾಗಬೇಕು? ಕತೆ ಇರುವುದೇ ಇಲ್ಲಿ. ನೀವೋ ಅದನ್ನು ದಾಟಿ "ವಿಸ್ಮಯ", "ಅನಂತ", "ನಿಗೂಢ" ಎಂದು ಒಂದೂವರೆ ಪುಟ ತುಂಬಿಸಿದ್ದೀರಿ. ಆ ಮೂರೂ ಶಬ್ದ ತೆಗೆದುಹಾಕಿ.

ಇನ್ನೊಂದು ಚಂದ್ರ ಡೀಮೋಸ್ ಬರಿಗಣ್ಣಿಗೆ ನಕ್ಷತ್ರದಷ್ಟೇ. ಅದು ಪೂರ್ವದಲ್ಲೇ ಹುಟ್ಟುತ್ತದೆ, ಮುಳುಗಲು ಮಾತ್ರ ಎರಡೂವರೆ ದಿನ ಬೇಕು.

ಭೂಮಿ ನಡುರಾತ್ರಿ ನೆತ್ತಿಗೆ ಬರುವುದೇ ಇಲ್ಲ. ಮಂಗಳಕ್ಕಿಂತ ಸೂರ್ಯನಿಗೆ ಹತ್ತಿರ ಇರುವುದರಿಂದ, ನಮಗೆ ಶುಕ್ರ ಕಾಣುವ ಹಾಗೆ, ಮುಸ್ಸಂಜೆ ಇಲ್ಲವೇ ಬೆಳಗಿನ ಜಾವ ಕಾಣುತ್ತದೆ. 2014ರ ಜನವರಿ 31ರಂದು ಮಂಗಳದ ನೆಲದಿಂದ ಕ್ಯೂರಿಯಾಸಿಟಿ ರೋವರ್ ತೆಗೆದ ಫೋಟೋ ಹುಡುಕಿ ನೋಡಿ. ಭೂಮಿ ಒಂದು ಚುಕ್ಕೆ, ಅದರ ಪಕ್ಕ ಚಂದ್ರ ಇನ್ನೂ ಸಣ್ಣ ಚುಕ್ಕೆ. ಅಜ್ಜಿ ನೋಡುವ ಚಂದ್ರ ಅದೇ! ಇದನ್ನು ಬಿಟ್ಟು ನೀಲಿ ಗೋಳ ಯಾಕೆ ಬೇಕು?

ಸೂರ್ಯಾಸ್ತವನ್ನೂ ತಿದ್ದಿ. ಅಲ್ಲಿಯ ನಯವಾದ ಧೂಳಿನಿಂದಾಗಿ ಮುಳುಗುವ ಸೂರ್ಯನ ಸುತ್ತ ನೀಲಿ ಬಣ್ಣ ಇರುತ್ತದೆ, ನಮ್ಮ ಕಡಲ ಮೇಲಿನ ಕೆಂಪಲ್ಲ.

ಕೊನೆಯ ಪುಟದಲ್ಲಿ ಎಲ್ಲವೂ ಕನಸಾಗಿತ್ತು ಅಂದಿದ್ದೀರಿ. ಅದು ಬೇಡವೇ ಬೇಡ. ಅವಳು ಹೋಗಿದ್ದಾಳೆ, ಅಲ್ಲೇ ಇರಲಿ. ಈ ಮಳೆಗಾಲ ಮುಗಿಯುವುದರೊಳಗೆ ತಿದ್ದಿದ ಪ್ರತಿ ಕಳಿಸಿ. ನಾನೇ ಓದುತ್ತೇನೆ.

ಸಂಪಾದಕ, ಶಿರಸಿ