ಸಂಪಾದಕರ ಉತ್ತರ: ಎರಡು ತೂತಿನ ಫ್ರೇಮು

ಶಿವಮೊಗ್ಗದ ಓದುಗರೊಬ್ಬರ ಆಕ್ಷೇಪ ಇದು: ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ (1964) ಎಂಬ ಇಟಲಿಯ ಕೌಬಾಯ್ ಚಿತ್ರ ಕಡಿಮೆ ಖರ್ಚಿನದು ಎಂದು ಬರೆದಿದ್ದೀರಿ, ಅಷ್ಟಗಲದ ಪರದೆ ತುಂಬುವ ಚಿತ್ರ ಅಗ್ಗದ್ದು ಹೇಗಾದೀತು? ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ, ಅದು ಪ್ರಿಂಟಿನ ದೋಷವೇ?

ಅಗ್ಗದ್ದೇ. ಒಟ್ಟು ಖರ್ಚು ಸುಮಾರು 2 ಲಕ್ಷ ಡಾಲರ್, ಅದರಲ್ಲಿ ನಾಯಕ ನಟ ಕ್ಲಿಂಟ್ ಈಸ್ಟ್‌ವುಡ್‌ಗೆ 15,000. ನಿಮ್ಮನ್ನು ಮೆಚ್ಚಿಸಿದ ಆ ಅಗಲವೂ ಉಳಿತಾಯದಿಂದಲೇ ಬಂದದ್ದು.

35 ಎಂಎಂ ಫಿಲ್ಮಿನಲ್ಲಿ ಒಂದು ಫ್ರೇಮಿನ ಎತ್ತರ ಅಂಚಿನ ನಾಲ್ಕು ತೂತುಗಳಷ್ಟು. ಈ ಚಿತ್ರ ತೆಗೆದ ಟೆಕ್ನಿಸ್ಕೋಪ್ ಪದ್ಧತಿಯಲ್ಲಿ ಎರಡೇ. ನಿಮಿಷಕ್ಕೆ 90 ಅಡಿ ನುಂಗುವ ಕ್ಯಾಮೆರಾಗೆ 45 ಅಡಿ ಸಾಕಾಗುತ್ತದೆ. 1,000 ಅಡಿಯ ರೋಲು 11 ನಿಮಿಷದ ಬದಲು 22 ನಿಮಿಷ ಓಡುತ್ತದೆ. ಎತ್ತರ ಅರ್ಧವಾದ ಮೇಲೆ ಉಳಿಯುವುದು ಅಗಲವಾದ ಪಟ್ಟಿ. ಲ್ಯಾಬಿನಲ್ಲಿ ಅದನ್ನು ಮೇಲೆ-ಕೆಳಗೆ ಹಿಗ್ಗಿಸಿ ನಾಲ್ಕು ತೂತಿನ ಪ್ರಿಂಟ್ ಮಾಡಿದರೆ, ಥಿಯೇಟರಿನ ಸ್ಕೋಪ್ (ಅಗಲ ಪರದೆಯ) ಲೆನ್ಸ್ ಅಡ್ಡಕ್ಕೆ ಬಿಡಿಸುತ್ತದೆ.

ಇನ್ನೂ ದೊಡ್ಡ ಲಾಭ ಲೆನ್ಸಿನದು. ಸ್ಕೋಪ್ ಶೂಟಿಂಗಿನ ಆಗಿನ ಲೆನ್ಸುಗಳು ತೀರ ಹತ್ತಿರಕ್ಕೆ ಹೋದರೆ ಫೋಕಸ್‌ಗೆ ಒದ್ದಾಡುತ್ತಿದ್ದವು, ಮುಖ ಕೆಪ್ಪಟರಾಯ ಬಂದಂತೆ ಊದುತ್ತಿತ್ತು. ಟೆಕ್ನಿಸ್ಕೋಪ್‌ಗೆ ಮಾಮೂಲಿ ಲೆನ್ಸೇ ಸಾಕು. ಹಾಗಾಗಿ ನಿರ್ದೇಶಕ ಸೆರ್ಜಿಯೊ ಲಿಯೋನೆ ಪರದೆ ತುಂಬ ಬರೀ ಎರಡು ಕಣ್ಣು ಇಡಬಲ್ಲವರಾದರು: ಸುಕ್ಕು, ಬೆವರು, ಕುರುಚಲು ಗಡ್ಡ. ಕೊನೆಯ ಕಾಳಗ ನೋಡಿ. ಖಳ ರಮೋನ್ ನಾಯಕನ ಎದೆಗೇ ಗುರಿಯಿಟ್ಟು ಹೊಡೆಯುತ್ತಾನೆ, ಆಸಾಮಿ ಬಿದ್ದು ಬಿದ್ದು ಏಳುತ್ತಾನೆ, ಹೊದ್ದ ಪೊಂಚೋ ಕಂಬಳಿ ಸರಿದಾಗ ಒಳಗೆ ಕಬ್ಬಿಣದ ತಗಡು. ಆ ಉದ್ದದ ಸಸ್ಪೆನ್ಸ್ ನಿಂತಿರುವುದೇ ಬೂಟು, ಕೈ, ಕಣ್ಣುಗಳ ಕ್ಲೋಸಪ್ಪಿನ ಮೇಲೆ.

ನಷ್ಟವೂ ಇದೆ. ನೆಗೆಟಿವ್ ಅರ್ಧವಾದ್ದರಿಂದ ಹಿಗ್ಗಿಸಿದಾಗ ಫಿಲ್ಮಿನ ಕಾಳು (ಗ್ರೇನ್) ಎದ್ದು ಕಾಣುತ್ತದೆ. ಫ್ರೇಮುಗಳ ನಡುವೆ ಜಾಗವೇ ಇಲ್ಲದ್ದರಿಂದ ಕ್ಯಾಮೆರಾದಲ್ಲಿ ಫಿಲ್ಮ್ ಹಾಯುವ ಗೇಟಿಗೆ ಒಂದು ಕೂದಲು ಸಿಕ್ಕಿದರೂ ಪರದೆಯ ಅಂಚಿನಲ್ಲಿ ಕುಣಿಯುತ್ತದೆ. ಎಡಿಟಿಂಗ್‌ನ ಅಂಟೂ ಇಣುಕುತ್ತದೆ. ಟೆಕ್ನಿಕಲರ್‌ನ ಹಳೆಯ ಬಣ್ಣ ಒತ್ತುವ ಪ್ರಿಂಟುಗಳಲ್ಲಿ ಕಾಳು ಸಹ್ಯವಾಗಿತ್ತು. ಆ ಪದ್ಧತಿ ನಿಂತ ಮೇಲೆ ನಕಲಿನ ನಕಲು ತೆಗೆದ ಪ್ರಿಂಟುಗಳು ಮರಳು ಎರಚಿದಂತಾದವು. ಚಿತ್ರವನ್ನು ಬೈಯುವ ಮುನ್ನ ನೋಡಿದ್ದು ಯಾವ ಪ್ರಿಂಟ್ ಎಂದು ವಿಚಾರಿಸುವುದು ಒಳ್ಳೆಯದು.

ತುಟಿಯದು ಪ್ರಿಂಟಿನ ದೋಷವಲ್ಲ. ಇಟಲಿಯಲ್ಲಿ ಆಗ ಸೆಟ್ಟಿನ ಧ್ವನಿಯನ್ನು ಚಿತ್ರಕ್ಕೆ ಬಳಸುತ್ತಿರಲಿಲ್ಲ. ಈಸ್ಟ್‌ವುಡ್ ಇಂಗ್ಲಿಷಿನಲ್ಲಿ, ಉಳಿದವರು ತಂತಮ್ಮ ಭಾಷೆಯಲ್ಲಿ ಮಾತಾಡಿದರು. ಮಾತು, ಗುಂಡು, ಗೊರಸಿನ ಸದ್ದೆಲ್ಲ ಆಮೇಲೆ ಡಬ್ಬಿಂಗ್‌ನಲ್ಲಿ. ಗಲಾಟೆ ಮಾಡುವ ಕ್ಯಾಮೆರಾ ಆದರೂ ನಡೆಯಿತು, ‘ಸೈಲೆನ್ಸ್’ ಎಂದು ಕೂಗಿ ಕಾಯುವ ಹೊತ್ತೂ ಉಳಿಯಿತು.

ಊರಿನ ಬೀದಿ ಮ್ಯಾಡ್ರಿಡ್ ಬಳಿಯ ಓಯೊ ದೆ ಮಂಸನಾರೆಸ್‌ನಲ್ಲಿ ಮೊದಲೇ ಇದ್ದ ಸೆಟ್, ಬಯಲು ಸ್ಪೇನಿನದೇ ಅಲ್ಮೇರಿಯಾದ್ದು. ದೊಡ್ಡ ವಾದ್ಯವೃಂದಕ್ಕೆ ದುಡ್ಡಿಲ್ಲದೆ ಸಂಗೀತ ನಿರ್ದೇಶಕ ಎನ್ನಿಯೊ ಮೊರಿಕೋನೆ ಸಿಳ್ಳೆ, ಚಾಟಿ, ಎಲೆಕ್ಟ್ರಿಕ್ ಗಿಟಾರ್ ಹಿಡಿದರು.

ದುಡ್ಡು ಉಳಿಸಲು ಹೋಗಿ ಕೈ ಸುಟ್ಟುಕೊಂಡದ್ದು ಕಥೆಯ ಹಕ್ಕಿನಲ್ಲಿ. ಜಪಾನಿನ ನಿರ್ದೇಶಕ ಕುರೊಸಾವಾರ ‘ಯೋಜಿಂಬೊ’ (1961) ಚಿತ್ರದ ಕಥೆಯನ್ನು ಕೇಳದೆ ಎತ್ತಿಕೊಂಡಿದ್ದರು. ಕೊನೆಗೆ ಗಳಿಕೆಯಲ್ಲಿ ಶೇ 15 ಮತ್ತು ಜಪಾನಿನ ವಿತರಣೆ ಹಕ್ಕನ್ನು ಬಿಟ್ಟುಕೊಡಬೇಕಾಯಿತು.