ಆಟದಂಗಳ: ಆರು ಮಂದಿಯನ್ನು ಸಂಭಾಳಿಸುವುದು ಹೇಗೆ?

ಈ ಸಲದ ಪ್ರಶ್ನೆಗಳೆಲ್ಲ ಒಂದೇ ಆಟದ ಬಗ್ಗೆ ಬಂದಿವೆ: ಬಯೋವೇರ್ ಕಂಪನಿ 1998ರಲ್ಲಿ ತಂದ ಕಂಪ್ಯೂಟರ್ ಆಟ ‘ಬಾಲ್ಡರ್ಸ್ ಗೇಟ್’. ನಾಯಕನನ್ನೂ (ನೀವು ಆಡಿಸುವ ಮುಖ್ಯ ಪಾತ್ರ) ಸೇರಿಸಿ ಪಾರ್ಟಿಯಲ್ಲಿ, ಅಂದರೆ ತಂಡದಲ್ಲಿ, ಹೆಚ್ಚೆಂದರೆ ಆರು ಮಂದಿ. ಎಸಿ (ಏಟಿನಿಂದ ರಕ್ಷಣೆಯ ಅಂಕ), ಥ್ಯಾಕೋ (ಏಟು ತಾಗಿಸುವ ಸಾಮರ್ಥ್ಯದ ಅಂಕ) ಎರಡೂ ಕಡಿಮೆಯಾದಷ್ಟು ಒಳ್ಳೆಯದು ಎನ್ನುವ ಹಳೇ ‘ಎಡಿ ಅಂಡ್ ಡಿ’ (ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ದಾಳದ ಆಟ) ಎರಡನೇ ಆವೃತ್ತಿಯ ಲೆಕ್ಕ ಇದರದ್ದು. ಹೊಸಬರು ಎಡವುವುದೂ ಹೆಚ್ಚಾಗಿ ಅಲ್ಲೇ.

ಪ್ರಶ್ನೆ: ನಾನು ಪಾಲಡಿನ್ (ಧರ್ಮಯೋಧ). ಜತೆಗೆ ಸಂಗಡಿಗರಾಗಿ ಖಾಲಿದ್, ಜಹೇರಾ, ಬ್ರಾನ್‌ವೆನ್, ಕಿವಾನ್, ಕಾಗೇನ್. ಕಳ್ಳವಿದ್ಯೆಯ ಇಮೊಯೆನ್‌ಳನ್ನು ಫ್ರೆಂಡ್ಲಿ ಆರ್ಮ್ ಇನ್ ಎಂಬ ಛತ್ರದಲ್ಲೇ ಬಿಟ್ಟು ಬಂದೆ. ಇಷ್ಟು ಗಟ್ಟಿ ಜನ ಇದ್ದೂ ನಾಷ್ಕೆಲ್ ಗಣಿಯಲ್ಲಿ ಸಾಯುತ್ತಲೇ ಇದ್ದೇವೆ. ಎಂತ ಮಾಡುವುದು?
— ಸುರತ್ಕಲ್‌ನ ಓದುಗರು

ಉತ್ತರ: ಆರೂ ಮಂದಿ ವೇಷ ಕಟ್ಟಿ ರಂಗಸ್ಥಳಕ್ಕೆ ಇಳಿದರೆ ಭಾಗವತಿಕೆಗೆ ಯಾರು? ನಿಮ್ಮ ಪಾರ್ಟಿಯಲ್ಲಿ ಮಂತ್ರವಾದಿಯೂ ಇಲ್ಲ, ಕಳ್ಳರೂ ಇಲ್ಲ. ಗಣಿಯ ಕೆಳಗಿನ ಮಹಡಿಗಳಲ್ಲಿ ಟ್ರ್ಯಾಪ್ ಉಂಟು. ಅದನ್ನು ಹುಡುಕಿ ತೆಗೆಯುವ ಕಳ್ಳರು ಇಲ್ಲದಿದ್ದರೆ ಮುಂದೆ ನಡೆಯುವವರ ಮೈಯೇ ಅದಕ್ಕೆ ಪರೀಕ್ಷೆ.

ಕಾಗೇನ್, ಕಿವಾನ್ ಇಬ್ಬರನ್ನೂ ಇಳಿಸಿ. ಕಿವಾನ್ ಒಳ್ಳೆಯ ಬಿಲ್ಲುಗಾರ, ನಿಜ. ಆದರೆ ಇಮೊಯೆನ್‌ಳ ಡೆಕ್ಸ್ಟೆರಿಟಿ (ಚುರುಕುತನ) 18, ಬಿಲ್ಲು ಕೊಟ್ಟರೆ ಒಂದು ಸುತ್ತಿಗೆ ಎರಡು ಬಾಣ ಅವಳೂ ಬಿಡುತ್ತಾಳೆ, ಟ್ರ್ಯಾಪ್ ಕೆಲಸವೂ ಆಗುತ್ತದೆ. ಉಳಿದ ಜಾಗಕ್ಕೆ ನಾಷ್ಕೆಲ್‌ನಲ್ಲೇ ಸಿಗುವ ಎಡ್ವಿನ್. ಅವನ ಕೊರಳಿನ ತಾಯಿತದಿಂದಾಗಿ ಬೇರೆ ಮಂತ್ರವಾದಿಗಳಿಗಿಂತ ಹೆಚ್ಚು ಮಂತ್ರ ಹಾಕಬಲ್ಲ. ಈ ಹಂತದಲ್ಲಿ ಮೊದಲ ಲೆವೆಲ್‌ನ ‘ಸ್ಲೀಪ್’ ಒಂದೇ ಕೊಬೋಲ್ಡ್‌ಗಳ (ಗಣಿಯ ಕುಳ್ಳ ರಾಕ್ಷಸರ) ಇಡೀ ಗುಂಪನ್ನು ಮಲಗಿಸುತ್ತದೆ. ಮಲಗಿದವರಿಗೆ ಬೀಳುವ ಏಟು ತಪ್ಪುವುದಿಲ್ಲ.

ಇನ್ನು ಎದುರು ನಿಲ್ಲುವವರು. ಪ್ಲೇಟ್ ಮೇಲ್ ಕವಚದ ಎಸಿ 3. ಖಾಲಿದ್‌ನ ಡೆಕ್ಸ್ಟೆರಿಟಿ 16, ಅದರಿಂದ ಎರಡು ಇಳಿದು 1. ಮಧ್ಯಮ ಶೀಲ್ಡ್ ಕೊಟ್ಟರೆ ಸೊನ್ನೆ. ಥ್ಯಾಕೋ 20 ಇರುವ ಶತ್ರುವಿಗೆ ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದರೆ ಮಾತ್ರ ಅವನಿಗೆ ಏಟು ತಾಗೀತು. ಅದೇ ಚೈನ್ ಮೇಲ್‌ನ ಎಸಿ 5ರಲ್ಲಿ ನಿಂತವನಿಗೆ 15 ಬಿದ್ದರೂ ಸಾಕು, ಅಂದರೆ ಇಪ್ಪತ್ತರಲ್ಲಿ ಆರು ಏಟು ತಾಗುತ್ತವೆ. ದುಡ್ಡು ಬಂದಾಗ ಮೊದಲು ಕತ್ತಿಗಲ್ಲ, ಕವಚಕ್ಕೆ ಸುರಿಯಿರಿ. ಆಂಖೆಗ್ ಹುಳದ ಚಿಪ್ಪನ್ನು ಬೆರೆಗೋಸ್ಟ್‌ನ ಕಮ್ಮಾರ ಟೇರಮ್‌ಗೆ ಕೊಟ್ಟು 4,000 ಚಿನ್ನ ತೆತ್ತರೆ ಹತ್ತು ದಿನಗಳಲ್ಲಿ ಎಸಿ 1ರ ಕವಚ ಮಾಡಿಕೊಡುತ್ತಾನೆ. ಅಷ್ಟು ದುಡ್ಡಿಲ್ಲದವರು ನಾಷ್ಕೆಲ್‌ನ ಹೊಲವನ್ನು ಮೌಸ್‌ನಿಂದ ಇಂಚಿಂಚೂ ತಡಕಾಡಿ, ಅಂಥದ್ದೇ ಒಂದು ಅಲ್ಲಿ ಹೂತುಕೊಂಡಿದೆ!

ಗಣಿಯ ಓಣಿ ಇಕ್ಕಟ್ಟು. ಇಬ್ಬರು ಮುಂದೆ, ಉಳಿದ ನಾಲ್ವರು ಬಿಲ್ಲು, ಕವಣೆ ಹಿಡಿದು ಹಿಂದೆ. ಎಲ್ಲರೂ ಒಟ್ಟಿಗೆ ನುಗ್ಗಿದರೆ ಹಿಂದಿನವರು ದಾರಿ ಹುಡುಕುತ್ತಾ ಸುತ್ತು ಬಳಸಿ ಶತ್ರುವಿನ ಮಡಿಲಿಗೆ ಹೋಗಿ ಬೀಳುತ್ತಾರೆ. ಬೆಂಕಿ ಬಾಣ ಬಿಡುವ ಕೊಬೋಲ್ಡ್ ಕಮಾಂಡೋ ಕಂಡ ತಕ್ಷಣ ಸ್ಪೇಸ್‌ಬಾರ್ ಒತ್ತಿ ಆಟ ನಿಲ್ಲಿಸಿ. ಎಲ್ಲರ ಬಾಣವೂ ಮೊದಲು ಅದರ ಮೇಲೆ. ಕಬ್ಬಿಣದ ಸಾಧಾರಣ ಆಯುಧಗಳು ಈ ಆಟದಲ್ಲಿ ಹೊಡೆದಾಟದ ಮಧ್ಯೆಯೇ ಮುರಿಯುತ್ತವೆ, ಕಥೆಯೇ ಹಾಗೆ. ಆದ್ದರಿಂದ ಮುಂದಿನ ಇಬ್ಬರ ಬಳಿ ಒಂದೊಂದು ಹೆಚ್ಚುವರಿ ಕತ್ತಿ ಇರಲಿ. ಮಾಂತ್ರಿಕ ಆಯುಧಗಳಿಗೆ ಈ ಕಾಟವಿಲ್ಲ.

ಕೊನೆಗೆ ಸಿಗುವ ಮುಲಾಹಿ ಮಂತ್ರ ಹಾಕುವ ಪೂಜಾರಿ. ಬ್ರಾನ್‌ವೆನ್ ಮೂರನೇ ಲೆವೆಲ್ ಮುಟ್ಟಿದ್ದರೆ ‘ಸೈಲೆನ್ಸ್’ (ಬಾಯಿ ಕಟ್ಟುವ ಮಂತ್ರ) ಹಾಕಿಸಿ ನೋಡಿ. ಅದನ್ನು ಅವನು ತಡೆದುಕೊಂಡರೆ, ಬಾಯಿ ತೆರೆದಾಗಲೆಲ್ಲ ಬಾಣವೋ ‘ಮ್ಯಾಜಿಕ್ ಮಿಸೈಲ್’ ಮಂತ್ರವೋ ಬೀಳಲಿ. ಗಾಯವಾದರೆ ಅರ್ಧ ಹೇಳಿದ ಮಂತ್ರ ಕೆಡುತ್ತದೆ. ಅವನು ಕೊಬೋಲ್ಡ್‌ಗಳ ಜತೆ ಅಸ್ಥಿಪಂಜರಗಳನ್ನೂ ಕರೆಸುತ್ತಾನೆ. ಅವುಗಳ ಮೇಲೆ ಸ್ಲೀಪ್ ನಡೆಯದು, ಬಾಣವೂ ಅಷ್ಟಾಗಿ ತಾಗದು. ಗದೆ, ಸುತ್ತಿಗೆಯಂಥ ಮೊಂಡು ಆಯುಧವೇ ಬೇಕು.

ಒಂದು ಮಾತು ಬಿಟ್ಟುಹೋಯಿತು. ಸಂಗಡಿಗರು ಸತ್ತರೆ ಅವರ ಸಾಮಾನೆಲ್ಲ ನೆಲಕ್ಕೆ ಬೀಳುತ್ತದೆ. ಅದನ್ನು ಹೆಕ್ಕಿಕೊಂಡು ದೇವಾಲಯಕ್ಕೆ ಹೋದರೆ ದುಡ್ಡು ತೆಗೆದುಕೊಂಡು ಬದುಕಿಸುತ್ತಾರೆ. ನಾಯಕ ಸತ್ತರೆ ಮಾತ್ರ ಆಟವೇ ಮುಗಿಯಿತು. ಪಾಲಡಿನ್ ಅಂತ ನೀವೇ ಎಲ್ಲರಿಗಿಂತ ಮುಂದೆ ನಿಲ್ಲಬೇಕೆಂದೇನೂ ಇಲ್ಲ.

ಪ್ರಶ್ನೆ: ಮಿನ್ಸ್ಕ್ ಮತ್ತು ಎಡ್ವಿನ್ ಇಬ್ಬರೂ ಬೇಕು. ಖಾಲಿದ್ ಬೇಡ, ಆದರೆ ಅವನನ್ನು ತೆಗೆದರೆ ಜಹೇರಾ ಕೂಡ ಹೊರಟು ಹೋಗುತ್ತಾಳೆ. ದಾರಿ ಉಂಟಾ?
— ಉಡುಪಿಯ ವಿದ್ಯಾರ್ಥಿನಿ

ಉತ್ತರ: ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಉಂಟು.

ಎಡ್ವಿನ್ ನಿಮ್ಮ ಜತೆ ಬರುವುದೇ ಡೈನಾಹೀರ್ ಎಂಬಾಕೆಯನ್ನು ಕೊಲ್ಲಿಸಲಿಕ್ಕೆ. ಮಿನ್ಸ್ಕ್ ಬರುವುದು ಆಕೆಯನ್ನು ನಾಲ್ ಎಂಬ ರಾಕ್ಷಸರ ಕೋಟೆಯಿಂದ ಬಿಡಿಸಲಿಕ್ಕೆ. ಇಬ್ಬರೂ ಸಿಗುವುದು ನಾಷ್ಕೆಲ್‌ನಲ್ಲೇ ಆದ್ದರಿಂದ ಒಟ್ಟಿಗೆ ಸೇರಿಸಿಕೊಳ್ಳುವ ಆಸೆ ಹುಟ್ಟುವುದು ಸಹಜ. ಆದರೆ ಆಕೆ ಸಿಕ್ಕ ದಿನ ಒಂದಲ್ಲ ಒಂದು ಕಡೆ ರಕ್ತ ಹರಿಯುವುದು ಖಂಡಿತ. ಕೋಟೆಗೆ ಹೋಗದೆ ದಿನ ದೂಡಿದರೂ ಆಗದು, ಇಬ್ಬರ ತಾಳ್ಮೆಗೂ ಅವಧಿ ಇದೆ. ನಮ್ಮ ಆಯ್ಕೆ ಕೇಳಿದರೆ: ನಾಯಕನೇ ಮಂತ್ರವಾದಿಯಾಗಿದ್ದರೆ ಮಿನ್ಸ್ಕ್, ಇಲ್ಲದಿದ್ದರೆ ಎಡ್ವಿನ್. ಮಿನ್ಸ್ಕ್‌ನ ಬಲ 18/93, ಹೊಡೆದರೆ ಹೊಡೆದದ್ದೇ. ಆದರೆ ಅವನ ರೋಷದ ಗುಂಡಿ ಒತ್ತುವ ಮೊದಲು ಉಳಿದವರನ್ನು ದೂರ ಸರಿಸಿ, ಆ ಹೊತ್ತಿನಲ್ಲಿ ಅವನಿಗೆ ನಮ್ಮವರು ಪರರು ಎಂಬ ಭೇದವಿಲ್ಲ.

ಜೋಡಿ ಒಡೆಯುವ ಉಪಾಯ ಹೀಗೆ. ಖಾಲಿದ್ ಹೊತ್ತ ಒಳ್ಳೆಯ ಸಾಮಾನನ್ನೆಲ್ಲ ಬೇರೆಯವರಿಗೆ ದಾಟಿಸಿ. ಊರಲ್ಲಿ ಯಾವುದಾದರೂ ಮನೆಯೊಳಗೆ ಅವನೊಬ್ಬನನ್ನೇ ಕಳಿಸಿ, ಉಳಿದವರು ಬೀದಿಯಲ್ಲೇ ಇರಲಿ. ಅವನು ಒಳಗಿರುವಾಗಲೇ ಪಾರ್ಟಿಯಿಂದ ತೆಗೆಯಿರಿ. ಜಹೇರಾ ಬೇರೆ ಜಾಗದಲ್ಲಿ ಇರುವುದರಿಂದ ಆಟ ಅವಳನ್ನು ಜತೆಗೆ ಕಳಿಸುವುದಿಲ್ಲ. ಇಬ್ಬರೂ ಒಂದೇ ಕಡೆ ಇರುವಾಗ ತೆಗೆದರೆ ಇಬ್ಬರೂ ಹೋದರು. ಮೊದಲು ಸೇವ್ ಮಾಡಿಕೊಳ್ಳಲು ಮರೆಯಬೇಡಿ. ಮಿನ್ಸ್ಕ್–ಡೈನಾಹೀರ್, ಕ್ಸಾರ್–ಮೊಂಟರಾನ್ ಜೋಡಿಗಳಿಗೂ ಇದೇ ಮದ್ದು. ಹಾಗೆಂದು ಕ್ಸಾರ್, ಮೊಂಟರಾನ್‌ರನ್ನು ಜಹೇರಾ ಜತೆ ಬಹಳ ದಿನ ಇಟ್ಟುಕೊಳ್ಳಬೇಡಿ, ಒಂದು ದಿನ ಹೊಡೆದಾಡಿಕೊಳ್ಳುತ್ತಾರೆ.

ಪ್ರಶ್ನೆ: ಇಮೊಯೆನ್‌ಳನ್ನು ಮಂತ್ರವಾದಿ ಮಾಡಬೇಕಂತೆ. ಯಾವಾಗ? ಮಾಡಿದ ಮೇಲೆ ಟ್ರ್ಯಾಪ್ ತೆಗೆಯಲು ಬರುವುದಿಲ್ಲ ಎನ್ನುತ್ತಾರೆ.
— ಮಣಿಪಾಲದಿಂದ

ಉತ್ತರ: ಬರುವುದಿಲ್ಲ, ಸ್ವಲ್ಪ ಕಾಲ. ಡ್ಯುಯಲ್ ಕ್ಲಾಸ್ (ಒಂದು ಕಸುಬು ನಿಲ್ಲಿಸಿ ಇನ್ನೊಂದು ಹಿಡಿಯುವುದು) ಮನುಷ್ಯ ಜಾತಿಯವರಿಗೆ ಮಾತ್ರ. ಹಳೆಯ ಕ್ಲಾಸ್‌ಗೆ ಮುಖ್ಯವಾದ ಗುಣ 15, ಹೊಸತಕ್ಕೆ 17 ಇರಬೇಕು. ಇಮೊಯೆನ್‌ಳ ಇಂಟೆಲಿಜೆನ್ಸ್ ಸರಿಯಾಗಿ 17, ಹಾಗಾಗಿ ಪಾಸ್. ಹೊಸ ಕ್ಲಾಸ್ ಹಳೆಯದಕ್ಕಿಂತ ಒಂದು ಲೆವೆಲ್ ಮೇಲೆ ಹೋಗುವ ತನಕ ಕಳ್ಳವಿದ್ಯೆ ನಿದ್ದೆಯಲ್ಲಿರುತ್ತದೆ.

ಲೆಕ್ಕ ನೋಡಿ. ಕಳ್ಳರ ಆರನೇ ಲೆವೆಲ್‌ಗೆ 20,000 ಎಕ್ಸ್‌ಪಿ (ಅನುಭವದ ಅಂಕ) ಬೇಕು. ಅಲ್ಲಿ ಬದಲಾಯಿಸಿದರೆ ಮಂತ್ರವಾದಿಯ ಏಳನೇ ಲೆವೆಲ್, ಅಂದರೆ 60,000 ಎಕ್ಸ್‌ಪಿ ಆದಾಗ ವಿದ್ಯೆ ವಾಪಸ್. ಏಳರಲ್ಲಿ (40,000) ಬದಲಾಯಿಸಿದರೆ ಎಂಟನೇ ಲೆವೆಲ್‌ಗೆ 90,000 ಕಾಯಬೇಕು. ಒಂದೇ ಒಂದು ಕಳ್ಳ ಲೆವೆಲ್‌ಗಾಗಿ ಇಷ್ಟು ಕಾಯುವುದು ದಂಡ. ಆರಕ್ಕೇ ನಿಲ್ಲಿಸಿ. ಅಷ್ಟರಲ್ಲಿ ಬರುವ ಅಂಕಗಳನ್ನೆಲ್ಲ ಟ್ರ್ಯಾಪ್ ಹುಡುಕುವುದಕ್ಕೆ ಮತ್ತು ಬೀಗ ತೆರೆಯುವುದಕ್ಕೆ ಹಾಕಿ, ಜೇಬುಗಳ್ಳತನಕ್ಕೆ ಒಂದನ್ನೂ ಹಾಕಬೇಡಿ. ಆರನೇ ಲೆವೆಲ್‌ನ ಅಂಕ ಹಂಚಿ ಮುಗಿಸಿದ ಮೇಲೆಯೇ ಡ್ಯುಯಲ್ ಗುಂಡಿ ಒತ್ತಬೇಕು.

ನಡುವಿನ ಕಾಲಕ್ಕೆ ಕ್ಲೋಕ್‌ವುಡ್ ಕಾಡಿನಲ್ಲಿ ಸಿಗುವ ಕೊರಾನ್ ಸಾಕು. ಯೋಧನೂ ಹೌದು ಕಳ್ಳನೂ ಹೌದು, ಡೆಕ್ಸ್ಟೆರಿಟಿ 20, ಬಿಲ್ಲಿನಲ್ಲಿ ಎತ್ತಿದ ಕೈ. ಅವನು ಹೇಳುವ ವೈವರ್ನ್ ಎಂಬ ಹಾರುವ ಮೃಗದ ಬೇಟೆಯನ್ನು ತಡಮಾಡದೆ ಮುಗಿಸಿಕೊಡಿ. ಕೊಂದ ಶತ್ರುವಿನ ಎಕ್ಸ್‌ಪಿ ಪಾರ್ಟಿಯಲ್ಲಿ ಇರುವವರಿಗೆಲ್ಲ ಪಾಲಾಗುತ್ತದೆ. ಹಾಗಾಗಿ ಐದೇ ಮಂದಿಯಿಂದ ಆಡಿದರೆ ಇಮೊಯೆನ್ ಬೇಗ ಏರುತ್ತಾಳೆ. ಸುರುಳಿಯಿಂದ ಮಂತ್ರ ಬರೆದುಕೊಳ್ಳುವಾಗ ಇಂಟೆಲಿಜೆನ್ಸ್ 17ಕ್ಕೆ ಯಶಸ್ಸು ನೂರಕ್ಕೆ 75. ತಪ್ಪಿದರೆ ಸುರುಳಿಯೂ ಹೋಯಿತು.

ಪ್ರಶ್ನೆ: ಖ್ಯಾತಿ 20 ಆಯಿತು ಅಂತ ಖುಷಿಪಡುವಾಗಲೇ ವಿಕೋನಿಯಾ ಬಿಟ್ಟು ಹೋದಳು ಮಾರಾಯ್ರೇ!
— ಕುಂದಾಪುರ

ಉತ್ತರ: ವಿಕೋನಿಯಾಳಂಥ ದುಷ್ಟ ಸ್ವಭಾವದವರಿಗೆ ನಿಮ್ಮ ಒಳ್ಳೆಯ ಹೆಸರು ಹಿಡಿಸುವುದಿಲ್ಲ. 19 ಮುಟ್ಟಿದರೆ ಹೊರಡುತ್ತಾರೆ, ಅದಕ್ಕಿಂತ ಮುಂಚೆಯೇ ಗೊಣಗಾಟ ಶುರುವಾಗಿರುತ್ತದೆ. 18 ದಾಟಿಸಬೇಡಿ. ಖ್ಯಾತಿ ಇಳಿದರೆ ದೇವಾಲಯಕ್ಕೆ ಕಾಣಿಕೆ ಹಾಕಿ ಏರಿಸಬಹುದು, ಹೆಸರು ದೊಡ್ಡದಾದಷ್ಟೂ ಕೇಳುವ ಕಾಣಿಕೆಯೂ ದೊಡ್ಡದು. ಖ್ಯಾತಿ ಏರಿದಂತೆ ಅಂಗಡಿಯಲ್ಲಿ ಬೆಲೆ ಇಳಿಯುತ್ತದೆ. ಸಾಲಿನ ಮೇಲ್ತುದಿಯಲ್ಲಿ ಮುಖಚಿತ್ರ ಇರುವವರ ಕರಿಸ್ಮಾ (ವರ್ಚಸ್ಸು) ಕೂಡ ಲೆಕ್ಕಕ್ಕೆ ಬರುತ್ತದೆ, ವ್ಯಾಪಾರಕ್ಕೆ ಹೋಗುವಾಗ ಆ ಜಾಗದಲ್ಲಿ ಮಾತುಗಾರರು ಇರಲಿ.

ಪ್ರಶ್ನೆ: ಹಳೆಯ ಸಿಡಿ ಹುಡುಕಬೇಕಾ?
— ಕಂಕನಾಡಿ, ಮಂಗಳೂರು

ಉತ್ತರ: ಬೇಡ. 2012ರಲ್ಲಿ ಬೀಮ್‌ಡಾಗ್ ತಂದ ‘ಎನ್‌ಹ್ಯಾನ್ಸ್ಡ್ ಎಡಿಷನ್’ ಈಗಿನ ಲ್ಯಾಪ್‌ಟಾಪ್‌ನಲ್ಲೂ ಆಂಡ್ರಾಯ್ಡ್‌ನಲ್ಲೂ ಓಡುತ್ತದೆ. ಅದರಲ್ಲಿ ನೀರಾ, ಡೋರ್ನ್, ರಸಾದ್ ಎಂಬ ಹೊಸ ಸಂಗಡಿಗರೂ ಇದ್ದಾರೆ. ಡೋರ್ನ್ ದುಷ್ಟರ ಸಾಲಿನವನು, ಕುಂದಾಪುರದವರಿಗೆ ಹೇಳಿದ 18ರ ಗಡಿ ಅವನಿಗೂ ಅನ್ವಯ.