ಕೆಲಸ ಮಾಡುವವರನ್ನೇ ಕೇಳಲಿಲ್ಲವಲ್ಲ!

ಪ್ರಶ್ನೆ: ನಾನು ಗೋದಾಮಿನ ಸೂಪರ್‌ವೈಸರ್. ಸರಕು ಹೊರಡೋದು ತಡವಾಗುತ್ತಿದೆ ಅಂತ ವಿಭಾಗದ ಮುಖ್ಯಸ್ಥರೆಲ್ಲ ಕೂತು ಹೊಸ ಪದ್ಧತಿ ಮಾಡಿದೆವು. ಕೆಳಗಿನವರು ಮಾತ್ರ ಹಳೇ ರೀತಿಯಲ್ಲೇ ಮಾಡುತ್ತಿದ್ದಾರೆ. ಹೇಗೆ ಒಪ್ಪಿಸಲಿ?

ಉತ್ತರ: ಆ ಸಭೆಯಲ್ಲಿ ಪೆಟ್ಟಿಗೆ ಕಟ್ಟುವವರು ಒಬ್ಬರಾದರೂ ಇದ್ದರಾ? ನಿಮ್ಮ ಪತ್ರ ನೋಡಿದರೆ ಇರಲಿಲ್ಲ ಅನ್ನಿಸುತ್ತೆ. ಒಪ್ಪಿಸುವ ಮಾತು ಆಮೇಲೆ. ಮೊದಲು ಅರ್ಧ ದಿನ ಅವರ ಪಕ್ಕ ನಿಂತು ಸುಮ್ನೆ ನೋಡಿ. ಸ್ಕ್ಯಾನರ್ ಎಲ್ಲಿದೆ, ಲೇಬಲ್ ತರೋಕೆ ಎಷ್ಟು ಸಲ ಆ ತುದಿಗೆ ಓಡುತ್ತಾರೆ, ಆರ್ಡರ್ ಚೀಟಿಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಯಾರಿಗೆ ಫೋನ್ ಮಾಡಿ ಕಾಯುತ್ತಾರೆ, ಇದೆಲ್ಲ ಮುಖ್ಯಸ್ಥರ ವರದಿಯಲ್ಲಿ ಬರೋದೇ ಇಲ್ಲ. ಹಳೇ ರೀತಿ ಬಿಡದಿರೋಕೂ ಒಂದು ಕಾರಣ ಇರುತ್ತೆ, ಅಲ್ವಾ? ಅದನ್ನು ಕೇಳಿ.

ಟೊಯೋಟಾದಲ್ಲಿ ನೌಕರರಿಂದ ಸಲಹೆ ಪಡೆಯುವ ವ್ಯವಸ್ಥೆ 1951ರಲ್ಲೇ ಶುರುವಾಯಿತು. ಅಲ್ಲಿ ತೊಂದರೆ ಕಂಡರೆ ಸಾಮಾನ್ಯ ಕೆಲಸಗಾರನೂ ಹಗ್ಗ ಎಳೆದೋ ಗುಂಡಿ ಒತ್ತಿಯೋ ಸೂಚನೆ ಕೊಡಬಹುದು. ಬೇಗ ಸರಿಹೋಗದಿದ್ದರೆ ಕಾರು ಜೋಡಿಸುವ ಲೈನೇ ನಿಲ್ಲುತ್ತೆ. ಅಷ್ಟು ನಂಬಿಕೆ!

ಹಾಗಂತ ಎಲ್ಲರನ್ನೂ ಸಭೆಗೆ ಕರೆದರೆ ಗದ್ದಲವೇ ಜಾಸ್ತಿ. ಕೆಲಸ ಮಾಡುವ ಇಬ್ಬರು, ಅವರಿಗೆ ಆರ್ಡರ್ ಕಳಿಸುವವರು, ಅವರಿಂದ ಸರಕು ಪಡೆಯುವವರು, ಜೊತೆಗೆ ಖರ್ಚಿಗೆ ಹೂಂ ಅನ್ನುವ ಅಧಿಕಾರ ಇರುವ ಒಬ್ಬರು ಸಾಕು. ರಾತ್ರಿ ಪಾಳಿಯವರನ್ನು ದಯವಿಟ್ಟು ಮರೀಬೇಡಿ, ಅವರನ್ನು ಯಾರೂ ಕೇಳೋದೇ ಇಲ್ಲ. ಗೊಣಗುವವರಿದ್ದರೆ ಅವರನ್ನೂ ಕರೆಯಿರಿ, ಎಲ್ಲಿ ಎಡವುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಸಲಹೆ ಕೊಟ್ಟವರಿಗೆ ಒಂದು ವಾರದೊಳಗೆ ಉತ್ತರ ಹೇಳಿ. ಆಗಲ್ಲ ಅಂದರೆ ಯಾಕೆ ಅಂತಲೂ ಹೇಳಿ, ಇಲ್ಲಾಂದ್ರೆ ಮುಂದಿನ ಸಲ ಯಾರೂ ಬಾಯಿ ಬಿಡೋದಿಲ್ಲ.